ದೇವರು ಕೊಟ್ಟರೂ ಪೂಜಾರಿ ಕೊಡ

“ಗೆದ್ದವನು ಸೋತ, ಸೋತವನು ಸತ್ತ” ಎಂಬುದು ಕೋರ್ಟು ಕಚೇರಿಗಳ ವಿಷಯದಲ್ಲಿ ನಮ್ಮ ಜನ ಎಂದೋ ಕೊಟ್ಟುಬಿಟ್ಟಿರುವ ತೀರ್ಪು. ಈ ತೀರ್ಪಿನ ಮೇಲೆ ಅಪೀಲು ಹೋದವರು ಯಾರೂ ಇಲ್ಲ. ವಿಳಂಬಕ್ಕೆ ಕಾರಣವೇನೆಂದು ಕಕ್ಷಿಗಾರರನ್ನು ಕೇಳಿದರೆ ವಕೀಲರ ಕಡೆ ಬೆರಳು ತೋರಿಸುತ್ತಾರೆ. ವಕೀಲರನ್ನು ಕೇಳಿದರೆ ನ್ಯಾಯಾಧೀಶರ ಕೊರತೆಯೆನ್ನುತ್ತಾರೆ. ನ್ಯಾಯಾಧೀಶರನ್ನು ಕೇಳುವ ಧೈರ್ಯ ನಮಗಿಲ್ಲ. ಆದರೆ ವಾದಿ ಏನನ್ನು ಸಲ್ಲಿಸಬೇಕು, ಪ್ರತಿವಾದಿ ಎಷ್ಟು ದಿನಗಳೊಳಗೆ ಉತ್ತರ ಕೊಡಬೇಕು, ವಾಯಿದೆಯನ್ನು ಎಷ್ಟು ಸಲ ಮುಂದೆ ಹಾಕಬಹುದು, ಠೇವಣಿ ಕಟ್ಟಲಾರದವನ ಗತಿಯೇನು ಎಂಬ ಕಟ್ಟಳೆಗಳನ್ನು ಬರೆದವರು ಯಾರು? ಬರೆಯುವ ಅಧಿಕಾರ ಯಾರದು? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಈ ವಾರ ಅದನ್ನೇ ಕೇಳೋಣ.

ಕಾನೂನಿನಲ್ಲಿ ಎರಡು ಬಗೆಗಳುಂಟು. ಹಕ್ಕನ್ನು ಕೊಡುವ ಕಾನೂನು ಒಂದು. ಆ ಹಕ್ಕನ್ನು ನ್ಯಾಯಾಲಯದ ಮೂಲಕ ಕೈಗೆ ತಂದುಕೊಳ್ಳುವ ದಾರಿಯನ್ನು ಹೇಳುವ ಕಾನೂನು ಇನ್ನೊಂದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲುಂಟು ಎಂಬುದು ಮೊದಲನೆಯ ಬಗೆಯದು. ಆ ಪಾಲಿಗಾಗಿ ಯಾವ ಕೋರ್ಟಿಗೆ ಹೋಗಬೇಕು, ಅರ್ಜಿಯ ಜೊತೆ ಯಾವ ಪತ್ರಗಳನ್ನು ಲಗತ್ತಿಸಬೇಕು, ಎದುರು ಕಕ್ಷಿಗೆ ಸಮನ್ಸು ಹೇಗೆ ಮುಟ್ಟಬೇಕು ಎಂಬುದೆಲ್ಲ ಎರಡನೆಯ ಬಗೆಯದು. ಮೊದಲನೆಯದಕ್ಕಾಗಿ ಶಾಸನಸಭೆಗಳಲ್ಲಿ ಭಾಷಣಗಳಾಗುತ್ತವೆ, ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ. ಎರಡನೆಯದು ಸದ್ದಿಲ್ಲದೆ ಗೆಜೆಟ್ಟಿನಲ್ಲಿ ಅಚ್ಚಾಗಿ ಬರುತ್ತದೆ; ಓದುವವರು ವಕೀಲರು ಮಾತ್ರ. ಆದರೂ “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಶಾಸನವೆಂಬ ದೇವರು ಕೊಟ್ಟ ವರ, ಕಟ್ಟಳೆಯೆಂಬ ಪೂಜಾರಿ ಬಾಗಿಲು ತೆರೆದರೆ ಮಾತ್ರ ಭಕ್ತನಿಗೆ ದಕ್ಕುವುದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ತನ್ನ ಮನೆಯಲ್ಲಿ ವಾಸವಾಗಿದ್ದಾಳೆ. ಆ ಮನೆ ತಮಗೆ ಕ್ರಯವಾಗಿದೆಯೆಂದು ದೂರದ ನೆಂಟರೊಬ್ಬರು ದಾವೆ ಹೂಡುತ್ತಾರೆ. ಸಮನ್ಸು ಬರುತ್ತದೆ. ಆಕೆಗೆ ಓದು ಬಾರದು; ಮಗ ಪರಸ್ಥಳದಲ್ಲಿದ್ದಾನೆ. ವಕೀಲರನ್ನು ಗೊತ್ತುಮಾಡಿ ಕಾಗದಪತ್ರಗಳನ್ನು ಕೂಡಿಸುವಷ್ಟರಲ್ಲಿ ಉತ್ತರ ಸಲ್ಲಿಸುವ ಗಡುವು ದಾಟಿಹೋಗುತ್ತದೆ. ಕ್ರಯಪತ್ರ ಖೋಟಾ ಎಂದು ತೋರಿಸುವ ದಾಖಲೆ ಆಕೆಯ ಪೆಟ್ಟಿಗೆಯಲ್ಲಿಯೇ ಇದೆ. ಅದನ್ನು ತೆರೆದು ತೋರಿಸುವ ಅವಕಾಶ ಮಾತ್ರ ಮುಗಿದಿದೆ.

ಇದೇ ಚಿತ್ರವನ್ನು ತಿರುಗಿಸಿ ನೋಡೋಣ. ಮನೆ ನಿಜವಾಗಿಯೂ ಆಕೆಯದೇ. ಈ ಸಲ ವಾದಿಯೂ ಆಕೆಯೇ. ಮನೆಯಲ್ಲಿ ಸೇರಿಕೊಂಡ ಪ್ರತಿವಾದಿ ಅನುಕೂಲಸ್ಥ. ಒಂದು ಸಲ ಅವನ ವಕೀಲರಿಗೆ ಅಸ್ವಾಸ್ಥ್ಯ, ಇನ್ನೊಂದು ಸಲ ದಾಖಲೆ ಸಿಕ್ಕಲಿಲ್ಲ, ಮತ್ತೊಂದು ಸಲ ಮನೆಯಲ್ಲಿ ಮದುವೆ. ಹೀಗೆ ವಾಯಿದೆಯ ಮೇಲೆ ವಾಯಿದೆ ಬಿದ್ದು, ಆಕೆ ಡಿಕ್ರಿಯನ್ನು ಕಾಣದೆಯೇ ಕಣ್ಣು ಮುಚ್ಚುತ್ತಾಳೆ. ಮೊದಲನೆಯ ಚಿತ್ರವನ್ನು ನೋಡಿದವರು ಗಡುವು ಸಡಿಲವಾಗಿರಲಿ ಎನ್ನುತ್ತಾರೆ. ಎರಡನೆಯದನ್ನು ನೋಡಿದವರು ಬಿಗಿಯಾಗಿರಲಿ ಎನ್ನುತ್ತಾರೆ. ಎರಡೂ ನ್ಯಾಯವಾದ ಮಾತೇ. ಹಾಗಾದರೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದನ್ನು ಗೊತ್ತುಮಾಡುವವರು ಯಾರು?

ಶಾಸನಸಭೆಯ ಕಡೆಯವರು ಹೇಳುವುದು ಹೀಗೆ: ಪ್ರಜೆಗಳು ಆರಿಸಿ ಕಳುಹಿಸಿದವರು ನಾವು. ನ್ಯಾಯಾಲಯ ಇರುವುದು ಪ್ರಜೆಗಳಿಗಾಗಿ. ಅಲ್ಲಿನ ನಡವಳಿಕೆಯನ್ನು ನಿರ್ಧರಿಸುವ ಹಕ್ಕು ಪ್ರಜೆಗಳ ಪ್ರತಿನಿಧಿಗಳಿಗಲ್ಲದೆ ಇನ್ನಾರಿಗೆ? ತಪ್ಪಿದರೆ ನಮ್ಮನ್ನು ಮುಂದಿನ ಚುನಾವಣೆಯಲ್ಲಿ ಕೇಳುವವರುಂಟು. ನ್ಯಾಯಾಧೀಶರನ್ನು ಕೇಳುವವರು ಯಾರು? ನ್ಯಾಯಾಲಯದ ಕಡೆಯವರ ಉತ್ತರವೂ ಹಗುರವಾದುದಲ್ಲ: ಅಡಿಗೆಮನೆಯ ಅನುಕೂಲ ಅನನುಕೂಲಗಳು ದಿನವೂ ಒಲೆಯ ಮುಂದೆ ನಿಲ್ಲುವವರಿಗೆ ಗೊತ್ತು. ಒಂದು ಸಣ್ಣ ನಮೂನೆಯನ್ನು ತಿದ್ದಬೇಕಾದರೂ ಶಾಸನಸಭೆಯ ಬಿಡುವಿಗಾಗಿ ಕಾಯಬೇಕೆಂದರೆ ತಿದ್ದುಪಡಿ ಬರುವಷ್ಟರಲ್ಲಿ ಕಕ್ಷಿಗಾರನ ಮೊಮ್ಮಗ ವಕಾಲತ್ತಿಗೆ ರುಜು ಹಾಕುತ್ತಿರುತ್ತಾನೆ.

ಈ ಎರಡು ವಾದಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಪ್ರಯತ್ನ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹಿಂದೆಯೇ ನಡೆಯಿತು. ಸಿವಿಲ್ ನ್ಯಾಯಾಲಯಗಳ ನಡವಳಿಕೆಗೆ ಮೊದಲ ಸಂಹಿತೆ ಬಂದುದು ೧೮೫೯ರಲ್ಲಿ. ೧೮೭೭ರಲ್ಲಿ ಒಮ್ಮೆ, ೧೮೮೨ರಲ್ಲಿ ಮತ್ತೊಮ್ಮೆ ಅದನ್ನು ಹೊಸದಾಗಿ ಬರೆದರು. ಆಗೆಲ್ಲ ದೊಡ್ಡ ತತ್ತ್ವವೂ ಸಣ್ಣ ವಿವರವೂ ಒಂದೇ ಸಾಲಿನಲ್ಲಿ ಕಲಮುಗಳಾಗಿ ನಿಂತಿದ್ದವು. ಸಂಹಿತೆಯಲ್ಲಿದ್ದ ವಿವರವನ್ನು ಬದಲಿಸಬೇಕಾದರೆ ಶಾಸನವನ್ನೇ ಬದಲಿಸಬೇಕಾಗಿತ್ತು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಗಂಟನ್ನು ಬಿಡಿಸಿತು. ೧೯೦೯ರ ಜನವರಿ ೧ರಂದು ಜಾರಿಗೆ ಬಂದ ಆ ಸಂಹಿತೆಯೇ ಅನೇಕ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ.

ಅದರ ಉಪಾಯ ಬಲು ಸರಳ. ಪುಸ್ತಕವನ್ನು ಎರಡು ಭಾಗ ಮಾಡಿದರು. ಮೊದಲ ಭಾಗದಲ್ಲಿ ೧೫೮ ಕಲಮುಗಳು. ನ್ಯಾಯಾಲಯದ ಅಧಿಕಾರವ್ಯಾಪ್ತಿ, ಅಪೀಲಿನ ಹಕ್ಕು ಮೊದಲಾದ ಮೂಲ ವಿಷಯಗಳು ಇಲ್ಲಿವೆ. ಇವುಗಳನ್ನು ಮುಟ್ಟುವ ಅಧಿಕಾರ ಶಾಸನಸಭೆಗೆ ಮಾತ್ರ. ಎರಡನೆಯ ಭಾಗವೇ ಮೊದಲನೆಯ ಅನುಸೂಚಿ. ದಾವೆಯ ದಿನನಿತ್ಯದ ನಡೆಯೆಲ್ಲ ‘ಆರ್ಡರು’ಗಳೆಂಬ ಅಧ್ಯಾಯಗಳಲ್ಲಿ ನಿಯಮಗಳಾಗಿ ಇಲ್ಲಿ ಬಂದಿದೆ. ಈ ನಿಯಮಗಳಿಗೂ ಶಾಸನದಷ್ಟೇ ಬಲವುಂಟು. ಆದರೆ ೧೨೨ನೆಯ ಕಲಮಿನ ಪ್ರಕಾರ ಪ್ರತಿಯೊಂದು ಉಚ್ಚ ನ್ಯಾಯಾಲಯವೂ ಇವುಗಳನ್ನು ರದ್ದುಮಾಡಬಹುದು, ಬದಲಿಸಬಹುದು, ಹೊಸದನ್ನು ಸೇರಿಸಬಹುದು. ಮನೆಯ ತಳಪಾಯ, ಗೋಡೆಗಳು ಶಾಸನಸಭೆಯವು. ಬಾಗಿಲನ್ನು ಎತ್ತ ತೆರೆಯಬೇಕು, ಚಿಲಕವನ್ನು ಎಲ್ಲಿ ಹಾಕಬೇಕು ಎಂಬುದು ಒಳಗೆ ವಾಸಮಾಡುವವರ ಪಾಲು.

ಹಾಗೆಂದು ಉಚ್ಚ ನ್ಯಾಯಾಲಯದ ಕೈಗೆ ಕೊಟ್ಟ ಲೇಖನಿಗೆ ಕಡಿವಾಣವಿಲ್ಲದಿಲ್ಲ. ಮೊದಲು ಒಂದು ನಿಯಮ ಸಮಿತಿಯಿರಬೇಕು. ಅದರಲ್ಲಿ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು, ಇಬ್ಬರು ವಕೀಲರು, ಕೆಳಗಿನ ಸಿವಿಲ್ ನ್ಯಾಯಾಲಯದ ಒಬ್ಬ ನ್ಯಾಯಾಧೀಶರು. ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದರೂ ಮೂರು ವರ್ಷ ಜಿಲ್ಲಾ ನ್ಯಾಯಾಧೀಶರಾಗಿ ದುಡಿದವರಾಗಿರಬೇಕೆಂಬ ಷರತ್ತು ಬಹಳ ವಿವೇಕದ್ದು. ತಾಲ್ಲೂಕು ಕೋರ್ಟಿನ ಧೂಳನ್ನು ಬಲ್ಲವರೊಬ್ಬರು ಮೇಜಿನ ಬಳಿ ಇರಲೇಬೇಕೆಂಬುದು ಅದರ ಆಶಯ. ಎರಡನೆಯದಾಗಿ, ನಿಯಮದ ಕರಡನ್ನು ಮುಂಚಿತವಾಗಿ ಪ್ರಕಟಿಸಬೇಕು. ಮೂರನೆಯದಾಗಿ, ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ನಾಲ್ಕನೆಯದಾಗಿ, ಯಾವ ನಿಯಮವೂ ಮೊದಲ ಭಾಗದ ಕಲಮುಗಳಿಗೆ ವಿರೋಧವಾಗಿರಕೂಡದು. ಇವೆಲ್ಲ ಆದಮೇಲೆ ಗೆಜೆಟ್ಟಿನಲ್ಲಿ ಅಚ್ಚಾದ ನಿಯಮ ಶಾಸನದ ಮರ್ಯಾದೆಯನ್ನು ಪಡೆಯುತ್ತದೆ.

ಈ ಏರ್ಪಾಡಿನ ಪ್ರಯೋಜನವೂ ತೊಡಕೂ ಕನ್ನಡಿಗರಿಗೆ ಒಟ್ಟಿಗೆ ಕಂಡುಬಂದುವು. ೧೯೫೬ರ ನವೆಂಬರ್ ೧ರಂದು ನಮ್ಮ ರಾಜ್ಯ ಒಂದಾದಾಗ ಧಾರವಾಡ ಬಿಜಾಪುರಗಳು ಮುಂಬಯಿಯಿಂದ, ಗುಲ್ಬರ್ಗ ರಾಯಚೂರುಗಳು ಹೈದರಾಬಾದಿನಿಂದ, ಮಂಗಳೂರಿನ ಸೀಮೆ ಮದರಾಸಿನಿಂದ ಬಂದು ಸೇರಿದುವು. ಕೊಡಗು ತಾನೇ ಒಂದು ರಾಜ್ಯವಾಗಿತ್ತು. ನೆಲವೇನೋ ಒಂದಾಯಿತು, ಆದರೆ ಒಂದೊಂದು ಸೀಮೆಯ ಕೋರ್ಟೂ ತಾನು ಹಿಂದೆ ಯಾವ ಉಚ್ಚ ನ್ಯಾಯಾಲಯದ ಕೆಳಗಿತ್ತೋ ಅಲ್ಲಿನ ತಿದ್ದುಪಡಿಗಳನ್ನು ಹೊತ್ತುಕೊಂಡೇ ಬಂದಿತ್ತು. ಇಡೀ ರಾಜ್ಯಕ್ಕೆ ಏಕರೂಪವಾದ ತಿದ್ದುಪಡಿಗಳನ್ನು ಅಂದಿನ ಮೈಸೂರು ಉಚ್ಚ ನ್ಯಾಯಾಲಯ ಜಾರಿಗೆ ತಂದದ್ದು ೧೯೬೭ರಲ್ಲಿ. ಪಾರ್ಲಿಮೆಂಟಿಗೆ ಹೋಗದೆ, ಇಲ್ಲಿನ ಕೋರ್ಟುಗಳನ್ನು ಬಲ್ಲವರೇ ಕುಳಿತು ಈ ಕೆಲಸವನ್ನು ಮಾಡಿದರೆಂಬುದು ೧೯೦೮ರ ಉಪಾಯದ ಹೆಚ್ಚುಗಾರಿಕೆ.

ಆದರೆ ಕೊನೆಯ ಮಾತು ಯಾರದೆಂಬುದನ್ನು ಪಾರ್ಲಿಮೆಂಟು ಮರೆತಿರಲಿಲ್ಲ. ೧೯೭೬ರಲ್ಲಿ ಸಂಹಿತೆಯನ್ನು ವ್ಯಾಪಕವಾಗಿ ತಿದ್ದಿದಾಗ, ತನ್ನ ತಿದ್ದುಪಡಿಗೆ ಹೊಂದದ ರಾಜ್ಯಗಳ ಹಾಗೂ ಉಚ್ಚ ನ್ಯಾಯಾಲಯಗಳ ಹಿಂದಿನ ತಿದ್ದುಪಡಿಗಳೆಲ್ಲ ರದ್ದು ಎಂದು ಒಂದೇ ಕಲಮಿನಲ್ಲಿ ಗುಡಿಸಿಹಾಕಿತು. ೧೯೯೯ರ ಮತ್ತು ೨೦೦೨ರ ತಿದ್ದುಪಡಿಗಳಲ್ಲಿಯೂ ಅದೇ ಪೊರಕೆಯನ್ನು ಮತ್ತೆ ಹಿಡಿಯಿತು.

ಸಂವಿಧಾನವೂ ಈ ಹಂಚಿಕೆಯನ್ನೇ ಅನುಸರಿಸಿದೆ. ಸರ್ವೋಚ್ಚ ನ್ಯಾಯಾಲಯ ತನ್ನ ನಡವಳಿಕೆಗೆ ತಾನೇ ನಿಯಮಗಳನ್ನು ಬರೆದುಕೊಳ್ಳಬಹುದೆಂದು ೧೪೫ನೆಯ ವಿಧಿ ಹೇಳುತ್ತದೆ. ಆದರೆ ಪಾರ್ಲಿಮೆಂಟಿನ ಶಾಸನಕ್ಕೆ ಒಳಪಟ್ಟು, ರಾಷ್ಟ್ರಪತಿಗಳ ಒಪ್ಪಿಗೆಯೊಡನೆ. ೨೨೭ನೆಯ ವಿಧಿ ಉಚ್ಚ ನ್ಯಾಯಾಲಯಗಳಿಗೆ ಕೆಳಗಿನ ಕೋರ್ಟುಗಳ ನಡವಳಿಕೆಯ ಬಗೆಗೆ ಅಂಥದೇ ಅಧಿಕಾರವನ್ನು ಕೊಡುತ್ತದೆ. ಅಲ್ಲಿ ರಾಜ್ಯಪಾಲರ ಒಪ್ಪಿಗೆ ಬೇಕು. ಲೇಖನಿ ನ್ಯಾಯಾಲಯದ ಕೈಯಲ್ಲಿದ್ದರೂ ಕಾಗದದ ಅಂಚುಗೆರೆಯನ್ನು ಎಳೆದವರು ಬೇರೆ.

ಇಷ್ಟರಲ್ಲಿ ಒಂದು ಸಂದೇಹ ವಾಚಕರಿಗೆ ಬಂದೇ ಇರುತ್ತದೆ. ನ್ಯಾಯಾಲಯ ತಾನೇ ಬರೆದ ನಿಯಮ ಅನ್ಯಾಯವಾಗಿದ್ದರೆ ಅದರ ಮೇಲಿನ ದೂರನ್ನು ಯಾರಲ್ಲಿಗೆ ಒಯ್ಯಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಈ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೬೨ರಲ್ಲಿ ಕೊಟ್ಟ ಉತ್ತರ ಅದರ ಚರಿತ್ರೆಯ ಉಜ್ಜ್ವಲ ಪುಟಗಳಲ್ಲೊಂದು.

ಮೂಲಭೂತ ಹಕ್ಕಿಗೆ ಧಕ್ಕೆ ಬಂದಾಗ ಯಾವ ಪ್ರಜೆಯಾದರೂ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದೆಂದು ಸಂವಿಧಾನದ ೩೨ನೆಯ ವಿಧಿ ಭರವಸೆ ಕೊಟ್ಟಿದೆ. ಹಾಗೆ ತಟ್ಟುವ ಹಕ್ಕೇ ಒಂದು ಮೂಲಭೂತ ಹಕ್ಕು. ಆದರೆ ನ್ಯಾಯಾಲಯದ ಅಂದಿನ ನಿಯಮಗಳಲ್ಲೊಂದು, ಅಂಥ ಅರ್ಜಿದಾರನಿಂದಲೂ ಎದುರು ಕಕ್ಷಿಯ ಖರ್ಚಿಗಾಗಿ ಠೇವಣಿ ಕೇಳುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತ್ತು. ಉತ್ತರ ಪ್ರದೇಶದ ಅಬಕಾರಿ ಕಮಿಷನರರ ವಿರುದ್ಧ ಪ್ರೇಮ್ ಚಂದ್ ಗರ್ಗ್ ಮತ್ತು ಅವರ ಪಾಲುಗಾರರು ಅರ್ಜಿ ಹಾಕಿದಾಗ, ಆರು ವಾರಗಳೊಳಗೆ ೨,೫೦೦ ರೂಪಾಯಿಗಳನ್ನು ನಗದಾಗಿ ಕಟ್ಟಬೇಕೆಂದು ೧೯೬೧ರ ಡಿಸೆಂಬರಿನಲ್ಲಿ ಆಜ್ಞೆಯಾಯಿತು. ಅಂದಿನ ೨,೫೦೦ ರೂಪಾಯಿ ಇಂದಿನಂತಲ್ಲ. ಅರ್ಜಿದಾರರು ಹಣ ಕಟ್ಟುವ ಬದಲು ನಿಯಮವನ್ನೇ ಪ್ರಶ್ನಿಸಿದರು. ಯಾರ ಮುಂದೆ? ಆ ನಿಯಮವನ್ನು ಬರೆದ ನ್ಯಾಯಾಲಯದ ಮುಂದೆಯೇ.

ಐವರು ನ್ಯಾಯಮೂರ್ತಿಗಳ ಪೀಠ ೧೯೬೨ರ ನವೆಂಬರ್ ೬ರಂದು ತೀರ್ಪು ಕೊಟ್ಟಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್, ಮುಂದೆ ೧೯೬೪ರಲ್ಲಿ ಅವರೇ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ನಮ್ಮ ಗಜೇಂದ್ರಗಡದಿಂದ ಸಾತಾರಕ್ಕೆ ವಲಸೆಹೋದ ಮನೆತನ ಅವರದು; ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಅವರು ಓದಿದ್ದರು. ಪೂರ್ಣ ನ್ಯಾಯ ಮಾಡಲು ಬೇಕಾದ ಯಾವ ಆಜ್ಞೆಯನ್ನಾದರೂ ಹೊರಡಿಸಬಹುದೆಂದು ೧೪೨ನೆಯ ವಿಧಿ ಸರ್ವೋಚ್ಚ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ, ಆ ಬಲದಿಂದ ಈ ನಿಯಮ ನಿಲ್ಲುತ್ತದೆ ಎಂಬ ವಾದ ಬಂತು. ಬಹುಮತ ಅದನ್ನು ಒಪ್ಪಲಿಲ್ಲ. ಆ ಅಧಿಕಾರ ವಿಶಾಲವಾದದ್ದು ನಿಜ. ಆದರೆ ಮೂಲಭೂತ ಹಕ್ಕುಗಳನ್ನು ಮೀರಿ ಆಜ್ಞೆ ಮಾಡಲು ಅದು ನೆಪವಾಗದು, ಶಾಸನದ ಮೂಲವಿಧಿಗಳಿಗೂ ಆ ಆಜ್ಞೆ ವಿರೋಧವಾಗಿರಕೂಡದು ಎಂಬುದು ತೀರ್ಪಿನ ಸಾರ. ಹಣ ಕಟ್ಟಲಾಗದೆ ಒಬ್ಬನ ಅರ್ಜಿ ಬಿದ್ದುಹೋದರೂ ಆತನ ಹಕ್ಕು ಸತ್ತಂತೆಯೇ ಎಂದು ತೀರ್ಮಾನಿಸಿ, ೩೨ನೆಯ ವಿಧಿಯ ಅರ್ಜಿಗಳ ಮಟ್ಟಿಗೆ ತನ್ನ ನಿಯಮವನ್ನು ತಾನೇ ಹೊಡೆದುಹಾಕಿತು. ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಜೆ. ಸಿ. ಶಾ ಭಿನ್ನಾಭಿಪ್ರಾಯ ಬರೆದರು.

ತಾನು ಬರೆದುದನ್ನು ತಾನೇ ತಪ್ಪೆಂದು ಅಳಿಸುವುದು ಲೇಖಕನಿಗೂ ಕಷ್ಟ, ಅಧಿಕಾರಿಗೆ ಇನ್ನೂ ಕಷ್ಟ. ಅಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮಾಡಿತು. ಪೂಜಾರಿಯೇ ಎದ್ದು ನಿಂತು, “ಈ ಕಾಣಿಕೆಯನ್ನು ನಾನು ಕೇಳಬಾರದಾಗಿತ್ತು” ಎಂದಂತಾಯಿತು.

ನಲವತ್ತು ವರ್ಷಗಳ ತರುವಾಯ ನ್ಯಾಯಾಲಯ ಮತ್ತೊಮ್ಮೆ ತನ್ನ ಕೈಯನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ಈ ಸಲದ ಮೊಕದ್ದಮೆ ಹೋದದ್ದು ನಮ್ಮ ರಾಜ್ಯದಿಂದಲೇ. ಕ್ರಿಮಿನಲ್ ಮೊಕದ್ದಮೆಗಳು ಕೊನೆಗಾಣದೆ ವರ್ಷಗಟ್ಟಲೆ ಎಳೆಯುತ್ತಿದ್ದುದನ್ನು ಕಂಡು ಮರುಗಿದ ಸರ್ವೋಚ್ಚ ನ್ಯಾಯಾಲಯ, ೧೯೯೬ರ ಒಂದು ತೀರ್ಪಿನಲ್ಲಿಯೂ ೧೯೯೮ ಮತ್ತು ೧೯೯೯ರ ಬೇರೆ ತೀರ್ಪುಗಳಲ್ಲಿಯೂ ಕಾಲಮಿತಿಗಳನ್ನು ಗೊತ್ತುಮಾಡಿತ್ತು. ಇಂಥಿಂಥ ಅಪರಾಧದ ವಿಚಾರಣೆ ಇಷ್ಟು ವರ್ಷಗಳಲ್ಲಿ ಮುಂದುವರಿಯದಿದ್ದರೆ ಆಪಾದಿತನನ್ನು ಬಿಟ್ಟುಬಿಡಬೇಕು ಎಂಬುದು ಅವುಗಳ ತಾತ್ಪರ್ಯ. ಉದ್ದೇಶವೇನೋ ಒಳ್ಳೆಯದು. ಆದರೆ ಮೊಕದ್ದಮೆಯ ತಿರುಳನ್ನು ನೋಡದೆ, ಪಂಚಾಂಗವನ್ನು ಮಾತ್ರ ನೋಡಿ ಆಪಾದಿತರು ಬಿಡುಗಡೆಯಾಗತೊಡಗಿದರು. ಕರ್ನಾಟಕದ ಭ್ರಷ್ಟಾಚಾರದ ಮೊಕದ್ದಮೆಯೊಂದರಲ್ಲಿ ಈ ಪ್ರಶ್ನೆ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ೨೦೦೨ರ ಏಪ್ರಿಲ್ ೧೬ರಂದು ಪೀಠ ಹೇಳಿದ್ದು ಇಷ್ಟು: ವಿಚಾರಣೆ ಶೀಘ್ರವಾಗಿ ನಡೆಯಬೇಕೆಂಬುದು ಆಪಾದಿತನ ಹಕ್ಕು, ಅದನ್ನು ಆಯಾ ಮೊಕದ್ದಮೆಯ ಸಂಗತಿಗಳನ್ನು ನೋಡಿ ನ್ಯಾಯಾಲಯ ಕಾಪಾಡಬೇಕು, ಆದರೆ ಎಲ್ಲ ಮೊಕದ್ದಮೆಗಳಿಗೂ ಒಂದೇ ಗಡುವನ್ನು ಕಟ್ಟುವುದು ಶಾಸನ ಮಾಡಿದಂತೆ, ಅದು ನ್ಯಾಯಾಲಯದ ಕೆಲಸವಲ್ಲ. ಈ ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆರ್. ಸಿ. ಲಾಹೋಟಿ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅದೇ ವರ್ಷ ಗಡುವು ಕಟ್ಟುವ ಕೆಲಸಕ್ಕೆ ಪಾರ್ಲಿಮೆಂಟು ಕೈಹಾಕಿತು. ಸಮನ್ಸು ಮುಟ್ಟಿದ ೩೦ ದಿನಗಳೊಳಗೆ ಪ್ರತಿವಾದಿ ಉತ್ತರ ಸಲ್ಲಿಸಬೇಕೆಂದು ೧೯೯೯ರಲ್ಲಿಯೇ ತಿದ್ದುಪಡಿಯಾಗಿತ್ತು. ದೇಶದ ಅನೇಕ ಕಡೆ ವಕೀಲರು ಪ್ರತಿಭಟಿಸಿದ್ದರಿಂದ ಅದು ಜಾರಿಗೆ ಬರದೆ ನಿಂತಿತ್ತು. ೨೦೦೨ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ೩೦ ದಿನ ಸಾಲದಿದ್ದರೆ ಕಾರಣವನ್ನು ಬರೆದು ೯೦ ದಿನಗಳವರೆಗೆ ಕೊಡಬಹುದು, ಅದಕ್ಕೆ ಮೀರಿ ಕೊಡಕೂಡದು ಎಂದರು. ಆ ವರ್ಷ ಜುಲೈ ೧ರಿಂದ ಇದು ಜಾರಿಗೆ ಬಂತು. ಮೂರು ವರ್ಷವಾಗುವುದರೊಳಗೆ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು: ೯೧ನೆಯ ದಿನ ಬಂದವನ ಗತಿಯೇನು?

೨೦೦೫ರ ಏಪ್ರಿಲ್ ೬ರಂದು ಉತ್ತರ ಬಂತು. ಈ ಗಡುವು ಪ್ರತಿವಾದಿಗೆ ಹಾಕಿದ ಅಂಕುಶವೇ ಹೊರತು ನ್ಯಾಯಾಲಯದ ಕೈಗೆ ತೊಡಿಸಿದ ಬೇಡಿಯಲ್ಲ. ಮೀರಿದರೆ ಏನಾಗಬೇಕೆಂದು ಪಾರ್ಲಿಮೆಂಟು ಹೇಳಿಲ್ಲ. ಆದ್ದರಿಂದ ಅಪರೂಪದ ಸಂದರ್ಭದಲ್ಲಿ, ತಕ್ಕ ಕಾರಣವನ್ನು ದಾಖಲೆಮಾಡಿ, ಬೇಕಾದರೆ ಖರ್ಚನ್ನೂ ಹೊರಿಸಿ, ೯೦ ದಿನಗಳ ಮೇಲೆಯೂ ಉತ್ತರವನ್ನು ಸ್ವೀಕರಿಸಬಹುದು ಎಂದಾಯಿತು. ಬರೆದವರು ಅದೇ ಲಾಹೋಟಿಯವರು. ಆಗ ಅವರು ಮುಖ್ಯ ನ್ಯಾಯಮೂರ್ತಿಗಳು. ಎಲ್ಲರಿಗೂ ಒಂದೇ ಗಡುವನ್ನು ನ್ಯಾಯಾಲಯ ಕಟ್ಟಕೂಡದು ಎಂದವರೇ, ಪಾರ್ಲಿಮೆಂಟು ಕಟ್ಟಿದ ಗಡುವಿನಲ್ಲಿಯೂ ಒಂದು ಕಿಂಡಿಯನ್ನು ಉಳಿಸಿದರು. ಮೇಲ್ನೋಟಕ್ಕೆ ವಿರೋಧವಾಗಿ ಕಂಡರೂ ಎರಡರ ಹಿಂದಿನ ಮನಸ್ಸು ಒಂದೇ: ಗಡಿಯಾರ ನ್ಯಾಯಾಧೀಶನ ಕೈಯಲ್ಲಿರಬೇಕು, ನ್ಯಾಯಪೀಠದ ಮೇಲೆ ಕೂರಬಾರದು. ಅದೇ ವರ್ಷ ಕರ್ನಾಟಕದಲ್ಲಿ ಕೆಳಗಿನ ನ್ಯಾಯಾಲಯಗಳ ಮೊಕದ್ದಮೆಗಳ ಹರಿವನ್ನು ಕ್ರಮಪಡಿಸುವ ನಿಯಮಗಳೂ ಸಂಧಾನದ ನಿಯಮಗಳೂ ಬಂದುವು. ದಾವೆಗಳನ್ನು ವರ್ಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ತಕ್ಕ ಅವಧಿಯನ್ನು ಹಾಕಿಕೊಳ್ಳುವ ಪ್ರಯತ್ನವದು.

ಪಾರ್ಲಿಮೆಂಟು ಈ ಪಾಠವನ್ನು ತನ್ನದೇ ರೀತಿಯಲ್ಲಿ ಕಲಿತುಕೊಂಡಿತು. ೨೦೧೫ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಶಾಸನವನ್ನು ಬರೆಯುವಾಗ ಕಿಂಡಿಗಳನ್ನೆಲ್ಲ ಮುಚ್ಚಿಯೇ ಬರೆಯಿತು. ಸಮನ್ಸು ಮುಟ್ಟಿ ೧೨೦ ದಿನಗಳಾದಮೇಲೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ, ನ್ಯಾಯಾಲಯವೂ ಅದನ್ನು ತೆಗೆದುಕೊಳ್ಳಕೂಡದು ಎಂದಿತು. ಉಚ್ಚ ನ್ಯಾಯಾಲಯದ ನಿಯಮ ಇದಕ್ಕೆ ವಿರೋಧವಾಗಿದ್ದರೆ ಈ ಶಾಸನ ತಿದ್ದಿದ ಸಂಹಿತೆಯೇ ನಿಲ್ಲತಕ್ಕದ್ದೆಂದೂ ಸೇರಿಸಿತು. ಮಾತು ಇಷ್ಟು ಸ್ಪಷ್ಟವಾಗಿದ್ದುದರಿಂದ ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ತಲೆಬಾಗಿತು. ೧೨೧ನೆಯ ದಿನ ಬಾಗಿಲಿಲ್ಲ ಎಂದಿತು. ದೊಡ್ಡ ಕಂಪನಿಗಳ ಜಗಳ ನಮಗೇಕೆ ಎಂದು ವಾಚಕರು ಭಾವಿಸಬೇಕಾಗಿಲ್ಲ. ಮೊದಲು ೧ ಕೋಟಿ ರೂಪಾಯಿಯಿದ್ದ ಮಿತಿಯನ್ನು ೨೦೧೮ರಲ್ಲಿ ೩ ಲಕ್ಷಕ್ಕೆ ಇಳಿಸಿದ್ದಾರೆ. ಸಣ್ಣ ವ್ಯಾಪಾರಿಯ ಬಾಕಿ ವಸೂಲಿಯ ತಕರಾರೂ ಈ ಗಡಿಯಾರದ ಕೆಳಗೆ ಬರಬಹುದು. ಗ್ರಾಹಕರ ದೂರುಗಳಲ್ಲಿಯೂ ಎದುರು ಕಕ್ಷಿಯ ಉತ್ತರಕ್ಕೆ ೩೦ ದಿನ, ಹೆಚ್ಚೆಂದರೆ ಇನ್ನು ೧೫ ದಿನ, ಅದರಾಚೆ ಇಲ್ಲವೆಂದು ಐವರ ಪೀಠ ೨೦೨೦ರ ಮಾರ್ಚ್ ೪ರಂದು ತೀರ್ಪಿತ್ತಿತು.

ಆ ತೀರ್ಪಿನ ಮಸಿ ಒಣಗುವ ಮೊದಲೇ ಮಹಾಮಾರಿ ದೇಶದ ಬಾಗಿಲುಗಳನ್ನೆಲ್ಲ ಮುಚ್ಚಿಸಿತು. ಕಕ್ಷಿಗಾರನಿಗೆ ಊರಿನಿಂದ ಹೊರಡುವಂತಿಲ್ಲ, ವಕೀಲರಿಗೆ ಕಚೇರಿ ತೆರೆಯುವಂತಿಲ್ಲ. ಶಾಸನದ ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಮಾರ್ಚ್ ೨೩ರಂದು ಸರ್ವೋಚ್ಚ ನ್ಯಾಯಾಲಯ ಯಾರೂ ಅರ್ಜಿ ಹಾಕದೆಯೇ ಒಂದು ಆಜ್ಞೆಯನ್ನು ಹೊರಡಿಸಿ, ದಾವೆ ಅಪೀಲುಗಳ ಕಾಲಮಿತಿಯನ್ನು ಮಾರ್ಚ್ ೧೫ರಿಂದಲೇ ತಡೆಹಿಡಿಯಿತು. ಈ ಏರ್ಪಾಡು ನಡುವೆ ಬದಲಾವಣೆಗಳನ್ನು ಕಂಡು, 2022ರ ಜನವರಿಯ ಆಜ್ಞೆಯ ಪ್ರಕಾರ ೨೦೨೨ರ ಫೆಬ್ರವರಿ ೨೮ರವರೆಗಿನ ಇಡೀ ಅವಧಿ ಲೆಕ್ಕದಿಂದ ಹೊರಗುಳಿಯಿತು. ಇದಕ್ಕೆ ಆಧಾರವಾಗಿ ಹಿಡಿದದ್ದು ಅದೇ ೧೪೨ನೆಯ ವಿಧಿ. ಶಾಸನಕ್ಕೆ ವಿರೋಧವಾಗಿ ಬಳಸಕೂಡದೆಂದು ೧೯೬೨ರಲ್ಲಿ ಹೇಳಿದ್ದ ವಿಧಿ. ಆದರೂ ಆ ಆಜ್ಞೆಯಿಂದ ಎಷ್ಟೋ ಮನೆಗಳ ಹಕ್ಕು ಉಳಿಯಿತು. ಅದು ಆಪದ್ಧರ್ಮ. ಆಪತ್ಕಾಲದಲ್ಲಿ ಮೆಚ್ಚಿದ್ದನ್ನು ಸುಭಿಕ್ಷದಲ್ಲಿ ರೂಢಿ ಮಾಡಿಕೊಳ್ಳದಿದ್ದರೆ ಸಾಕು.

ಇಷ್ಟು ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ತಾನಾಗಿ ಕಾಣುತ್ತದೆ. ಶಾಸನಸಭೆಗೆ ಕಾಣುವುದು ಗುಂಪು. ನ್ಯಾಯಾಲಯಕ್ಕೆ ಕಾಣುವುದು ಮುಖ. ವರ್ಷಾನುಗಟ್ಟಲೆ ಕೊಳೆಯುತ್ತಿರುವ ದಾವೆಗಳ ರಾಶಿಯನ್ನು ನೋಡಿದ ಶಾಸಕನಿಗೆ ಗಡುವನ್ನು ಬಿಗಿಮಾಡಬೇಕೆನಿಸುವುದು ಸಹಜ. ಕೈಯಲ್ಲಿ ಪೆಟ್ಟಿಗೆ ಹಿಡಿದು ೯೧ನೆಯ ದಿನ ಬಂದು ನಿಂತ ಹೆಂಗಸನ್ನು ನೋಡಿದ ನ್ಯಾಯಾಧೀಶನಿಗೆ ಅದನ್ನು ಸಡಿಲಿಸಬೇಕೆನಿಸುವುದೂ ಅಷ್ಟೇ ಸಹಜ. ನ್ಯಾಯಾಲಯ ತಾನೇ ಗುಂಪನ್ನು ನೋಡಿ ಬರೆದ ಕಾಲಮಿತಿ ೨೦೦೨ರಲ್ಲಿ ಮುರಿದುಬಿತ್ತು. ಮುಖವನ್ನು ಮರೆತು ಬರೆದ ಠೇವಣಿಯ ನಿಯಮ ೧೯೬೨ರಲ್ಲಿ ಬಿದ್ದುಹೋಯಿತು. ಆದುದರಿಂದ ಈ ಅಧಿಕಾರ ಯಾರೊಬ್ಬರ ಸ್ವತ್ತೂ ಆಗದೆ, ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡುವ ಏರ್ಪಾಡಿನಲ್ಲಿರುವುದೇ ಕ್ಷೇಮ. ೧೯೦೮ರವರು ಕಂಡ ವಿವೇಕ ಇದೇ.

ಆದರೆ ಗಡುವು ಬರೆಯುವವರು ಒಂದು ಮಾತನ್ನು ಮರೆಯಬಾರದು. ಭಾರತದಲ್ಲಿ ೧೦ ಲಕ್ಷ ಜನಕ್ಕೆ ಸುಮಾರು ೧೦.೫ ನ್ಯಾಯಾಧೀಶರಿದ್ದಾರೆ, ಇದು ೫೦ ಆಗಬೇಕು ಎಂದು ಕಾನೂನು ಆಯೋಗ ೧೯೮೭ರಲ್ಲಿ ವರದಿಮಾಡಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಐದು ವರ್ಷಗಳಲ್ಲಿ ಆ ಸಂಖ್ಯೆಯನ್ನು ಮುಟ್ಟಬೇಕೆಂದು ಆಜ್ಞಾಪಿಸಿತು. ಆ ಗುರಿ ಇನ್ನೂ ದೂರದಲ್ಲಿಯೇ ಇದೆ. ಪ್ರತಿವಾದಿಗೆ ದಿನಗಳನ್ನು ಎಣಿಸಿ ಕೊಡುವ ಪಾರ್ಲಿಮೆಂಟು, ಸರ್ಕಾರಗಳು ಹುದ್ದೆಗಳನ್ನು ತುಂಬಲೂ ಹಾಗೆಯೇ ದಿನಗಳನ್ನು ಎಣಿಸಿದ್ದರೆ ಗಡುವಿನ ಮಾತಿಗೆ ತೂಕವಿರುತ್ತಿತ್ತು. ಎತ್ತು ಕೊಡದೆ ಉಳುಮೆಗೆ ವಾಯಿದೆ ಹಾಕಿದರೆ ಹೊಲ ತಾನಾಗಿ ಉತ್ತೀತೇ?

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ನಿಯಮ ಸಮಿತಿಯಲ್ಲಿ ನ್ಯಾಯಮೂರ್ತಿಗಳಿದ್ದಾರೆ, ವಕೀಲರಿದ್ದಾರೆ. ಕಕ್ಷಿಗಾರನಿಗೆ ಅಲ್ಲಿ ಪೀಠವಿಲ್ಲ. ಅವನಿಗಾಗಿ ಕಾನೂನು ತೆರೆದಿಟ್ಟ ಬಾಗಿಲು ಒಂದೇ: ಮುಂಚಿತ ಪ್ರಕಟಣೆ. ಹೀಗೆ ಪ್ರಕಟಿಸಿದ ಕರಡಿನ ಮೇಲೆ ಗೊತ್ತಾದ ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಶೀಲಿಸಲೇಬೇಕೆಂದು ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮ ವಿಧಿಸಿದೆ. ಊರಿನ ರಸ್ತೆಗೆ, ನೀರಿನ ದರಕ್ಕೆ ಆಕ್ಷೇಪಣೆ ಬರೆಯುವ ನಾವು, ನಾಳೆ ನಮ್ಮ ಮನೆಯ ಬಾಗಿಲಿಗೆ ಬರಬಹುದಾದ ಸಮನ್ಸಿನ ನಿಯಮಕ್ಕೆ ಒಂದು ಕಾರ್ಡನ್ನಾದರೂ ಬರೆದಿದ್ದೇವೆಯೇ? ಸಮನ್ಸು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, “ಉತ್ತರ ಕೊಡಲು ಇಂಥ ದಿನ ಕಡೆಯದು, ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದಿದ್ದರೆ ಕಾನೂನು ನೆರವು ಇಲ್ಲಿ ಸಿಗುತ್ತದೆ” ಎಂದು ಹೇಳಬೇಕೆಂಬ ಒಂದು ನಿಯಮವನ್ನು ಕೇಳಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಅಂಥ ಒಂದು ಸಾಲು ಅಚ್ಚಾದರೆ, ಗಡುವು ೯೦ ದಿನವೋ ೧೨೦ ದಿನವೋ ಎಂಬ ವಾದಕ್ಕಿಂತ ಹೆಚ್ಚಿನ ಉಪಕಾರ ಪೆಟ್ಟಿಗೆ ಹಿಡಿದು ನಿಂತ ಆ ಹೆಂಗಸಿಗಾದೀತು.